ಒಣಗದ ಗೆರೆ

ನ್ಯಾಮತಿ
8 ಜುಲೈ 2024

ತಮ್ಮ ಮಾರುತೇಶನಿಗೆ ಅಕ್ಕ ಪುಷ್ಪಾ ಬರೆಯುವುದು.

ನಿನ್ನೆ ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ಅಕ್ಷಿತಾ ನಮ್ಮ ಶಾಲೆಯ ಅಡುಗೆ ಕೋಣೆಯ ಹೊಸ್ತಿಲ ಮೇಲೆ ಕೂತಿದ್ದಾಳೆ, ತಲೆಯ ಮೇಲೆ ಆ ದೊಡ್ಡ ಹೆಲ್ಮೆಟ್ಟು. "ಅವ್ವಾ ನೀರು" ಅನ್ನುತ್ತಾಳೆ. ಲೋಟ ಹಿಡಿದುಕೊಂಡು ಹೋದರೆ ಬಾಯಿ ಇರುವ ಕಡೆ ಸಂದೇ ಇಲ್ಲ. ಗಲ್ಲದ ಪಟ್ಟಿ ಬಿಚ್ಚೋಣವೆಂದು ಕೈ ಹಾಕಿದರೆ ನಮ್ಮ ಗ್ಯಾಸಿನ ರೆಗ್ಯುಲೇಟರು ಸಿಗುತ್ತದೆ. ಅದನ್ನು ಎಷ್ಟು ತಿರುಗಿಸಿದರೂ ಬಿಚ್ಚಿಕೊಳ್ಳಲಿಲ್ಲ. ಎದ್ದು ಕೂತೆ. ನಿನ್ನ ಭಾವ "ಏನಾತೇ" ಅಂದರು. ಹೇಳಲಿಲ್ಲ. ಹೇಳಿದರೆ ನಗುತ್ತಾರೆ.

ನೀನೂ ನಗುತ್ತೀಯ ಎಂದೇ ಫೋನು ಬಿಟ್ಟು ಕಾಗದ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ "ಏನಿಲ್ಲ ಬಿಡಕ್ಕ" ಅಂದು ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ನಡುವೆ ಇಡಲಿಕ್ಕೆ ಬರುವುದಿಲ್ಲ.

ಹದಿನೇಳು ವರ್ಷದ ಹುಡುಗಿಯನ್ನು ಕೊಯಮತ್ತೂರಿಗೆ ಕಳಿಸಿದ್ದು ನಿನ್ನನ್ನು ನಂಬಿ. ದೇಶದ ಹುಡುಗಿಯರಲ್ಲೆಲ್ಲ ಆರಿಸಿ ಈ ವರ್ಷದ ಕಿರಿಯರ ಕಾರು ಓಟದ ಪಂದ್ಯಾವಳಿಗೆ ಪುಕ್ಕಟೆ ಕಾರು ಕೊಟ್ಟಿದ್ದಾರೆ ಅಂದಾಗ ನಿನ್ನ ಭಾವ ಗೋವಿನಕೋವಿ ಗದ್ದೆಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ ಎಲ್ಲರಿಗೂ ಹೇಳಿದರಂತೆ, "ನನ್ನ ಮಗಳು ಹನ್ನೊಂದು ವರ್ಷಕ್ಕೇ ಇದನ್ನ ಓಡಿಸ್ಯಾಳೆ" ಎಂದು. ನಾನು ಮಾತ್ರ ಆ ಕಾರಿನ ಫೋಟೋ ನೋಡಿದ ದಿನದಿಂದ ಅರ್ಧ ಊಟ ಮಾಡುತ್ತಿದ್ದೇನೆ. ಒಬ್ಬರೇ ಮಲಗಿದ ಹಾಗೆ ಕೂರಬೇಕು. ಮೇಲೆ ಸೂರಿಲ್ಲ, ಚಕ್ರಗಳು ಹೊರಗೇ ಇವೆ. ಅದೂ ಒಂದು ಕಾರೇ.

ನಾನು ಹೆಚ್ಚು ಓದಿದವಳಲ್ಲ. ಅವ್ವ ಕೂಲಿಗೆ ಹೋದಾಗ ನಿನ್ನನ್ನು ಸೊಂಟದ ಮೇಲೆ ಹೊತ್ತುಕೊಂಡು ಆರನೇ ಕ್ಲಾಸಿಗೆ ಜಗಳೂರಿನ ಶಾಲೆ ಬಿಟ್ಟೆ. ಆದರೆ ಇನ್ನೂರು ಮಕ್ಕಳ ಬಿಸಿಯೂಟ ಮಾಡುವವಳು. ಗ್ಯಾಸ್ ಬಂದ್ ಮಾಡಿದ್ದನ್ನು ಮೂರು ಸಲ ಮುಟ್ಟಿ ನೋಡದೆ ಬಾಗಿಲು ಹಾಕುವುದಿಲ್ಲ. ಆ ಕಾರಿನ ನಟ್ಟುಗಳನ್ನು ಯಾರು ಬಿಗಿಯುತ್ತಾರೆ? ನೀನೇ ಬಿಗಿ. ಬೇರೆಯವರ ಕೈಗೆ ಬಿಡಬೇಡ.

ನಿನ್ನ ಅಕ್ಕ
ಪುಷ್ಪಾ


ಕೊಯಮತ್ತೂರು
20 ಜುಲೈ 2024

ಅಕ್ಕನಿಗೆ ನಮಸ್ಕಾರ.

ಕಾಗದ ಸಿಕ್ಕಿತು. ನಗಲಿಲ್ಲ. ಪಾಲಣ್ಣ ನಕ್ಕ. ಪಾಲಣ್ಣ ನಿನಗೆ ಗೊತ್ತು, ತ್ಯಾವಣಿಗೆಯವನು, ಚನ್ನಗಿರಿಯ ಮುರುಗೇಶಪ್ಪನವರ ಗ್ಯಾರೇಜಿನಲ್ಲಿ ನನ್ನ ಜೊತೆ ಕೆಲಸ ಕಲಿತವನು. ಇಲ್ಲಿಯೂ ಅಕ್ಷಿತಾಳ ಕಾರಿಗೆ ನಾವಿಬ್ಬರೇ ಮೆಕ್ಯಾನಿಕ್ಕುಗಳು. ಆದ್ದರಿಂದ ಬೇರೆಯವರ ಕೈ ಅಂತೇನೂ ಇಲ್ಲ.

ನಿನ್ನ ಸಮಾಧಾನಕ್ಕೆ ನಮ್ಮ ಕ್ರಮ ಬರೆಯುತ್ತೇನೆ. ಪ್ರತಿ ಚಕ್ರಕ್ಕೆ ನಾಲ್ಕು ನಟ್ಟು. ಮೊದಲು ಕೈಯಲ್ಲಿ ತಿರುಗಿಸಿ ಕೂರಿಸುತ್ತೇವೆ. ಆಮೇಲೆ ಲೆಕ್ಕದ ಪಾನ, ಅಂದರೆ ಅಳತೆಯ ಸ್ಪ್ಯಾನರು, ಹಾಕುತ್ತೇವೆ. ಎಷ್ಟು ಬಿಗಿ ಬೇಕೋ ಅಷ್ಟಾದ ತಕ್ಷಣ ಅದು ಕಟಕ್ ಅನ್ನುತ್ತದೆ. ಕಟಕ್ ಅಂದ ಮೇಲೆಯೇ ನಟ್ಟಿನ ಮೇಲಿಂದ ಚಕ್ರದವರೆಗೆ ಕಿತ್ತಳೆ ಬಣ್ಣದ ಪೇಂಟಿನಲ್ಲಿ ಒಂದು ಗೆರೆ ಎಳೆಯುತ್ತೇವೆ. ಚಕ್ರ ಬಿಚ್ಚಿದರೆ ಗೆರೆ ಒರೆಸಿ ಮತ್ತೆ ಹೊಸದು. ಒಬ್ಬ ಗೆರೆ ಎಳೆದರೆ ಇನ್ನೊಬ್ಬ ಅದನ್ನು ನೋಡಿ ಸೈ ಹಾಕಬೇಕು. ಗೆರೆ ಇಲ್ಲದ ಕಾರು ಹೊರಗೆ ಹೋಗುವುದಿಲ್ಲ. ಗೆರೆ ಇದೆ ಅಂದರೆ ನೀನು ಹೊಟ್ಟೆ ತುಂಬ ಉಂಡು ಮಲಗು.

ನಾಲ್ಕು ಸುತ್ತಿನಲ್ಲಿ ಮೊದಲನೆಯದು ಮುಗಿಯಿತು. ಐದನೆಯವಳಾಗಿ ಬಂದಳು. ಎಲ್ಲ ಚೆನ್ನಾಗಿ ಆಯಿತು. ಭಾವನಿಗೆ ಹೇಳು.

ಮಾರುತೇಶ್


ನ್ಯಾಮತಿ
14 ಆಗಸ್ಟ್ 2024

ಮಾರುತೇಶನಿಗೆ,

ಎಲ್ಲ ಚೆನ್ನಾಗಿ ಆಯಿತು ಎಂದು ಬರೆದ ಕೈ ನಿನ್ನದೇ ತಾನೆ.

ಅಕ್ಷಿತಾ ಎರಡನೇ ಸುತ್ತಿಗೆ ಮೊದಲು ನಾಲ್ಕು ದಿನ ರಜೆ ಅಂತ ಬಂದಿದ್ದಳು. ಹೊನ್ನಾಳಿಯ ಬಸ್ಸು ಇಳಿದಾಗಲೇ ಹೆಗಲು ವಾರೆ ಮಾಡಿಕೊಂಡು ನಡೆಯುತ್ತಿದ್ದಳು. ಎಣ್ಣೆ ಹಚ್ಚುತ್ತೇನೆ ಬಾ ಎಂದು ಕೂರಿಸಿ ಅಂಗಿ ಸರಿಸಿದರೆ ಎರಡೂ ಹೆಗಲ ಮೇಲೆ ಕೈಯಗಲ ನೀಲಿ ಬರೆ. ಯಾರೋ ಬೆಲ್ಟು ತೆಗೆದುಕೊಂಡು ಹೊಡೆದಿದ್ದಾರೆ ಎಂದೇ ತಿಳಿದೆ.

"ಯಾರು ಹೊಡೆದ್ರು ಹೇಳು. ಮಾಮ ಹೊಡೆದನಾ?"

"ಅಯ್ಯೋ ಅವ್ವ, ಅದು ಸೀಟ್ ಬೆಲ್ಟಿಂದು. ಗೋಡೆಗೆ ಗುದ್ದಿದಾಗ ಹಿಂಗೇ ಆಗ್ತೈತೆ."

"ಯಾವ ಗೋಡೆ?"

ಎರಡು ಸಲ ದೋಸೆ ಹಾಕಿ ಕೊಟ್ಟ ಮೇಲೆ ಹೊರಗೆ ಬಂತು. ಮೊದಲನೇ ಸುತ್ತಿನಲ್ಲಿ ಎರಡು ಓಟ, ಎರಡನೆಯದರಲ್ಲಿ ಕಾರು ತಿರುಗಿ ಟೈರುಗಳ ಗೋಡೆಗೆ ಹೊಡೆಯಿತಂತೆ. ಐದನೇ ಸ್ಥಾನ ಬಂದದ್ದು ಬರೆದೆ, ಗೋಡೆ ಬರೆಯಲಿಲ್ಲ. ಇವಳ ಅಪ್ಪ ಪಕ್ಕದಲ್ಲಿ ಕೂತು "ಗುದ್ದಿದ್ಮ್ಯಾಲೆ ಸ್ಟೇರಿಂಗ್ ಬಿಟ್ಟಿದ್ಯಾ ಹೆಂಗೆ?" ಎಂದು ಕೇಳುತ್ತಾರೆ. "ಬಿಟ್ಟೆ, ಇಲ್ದಿದ್ರೆ ಮುಂಗೈ ಮುರಿತಿತ್ತು" ಎಂದು ಇವಳು. ಅಪ್ಪ ಮಗಳು ನೇಗಿಲ ಕುಳ ಸವೆದ ಸುದ್ದಿ ಮಾತಾಡಿದ ಹಾಗೆ ಮಾತಾಡುತ್ತಾರೆ. ನಾನೊಬ್ಬಳು ಹುಚ್ಚಿ.

ಅತ್ತೆ ಉಡಚಮ್ಮನಿಗೆ ಬರೆ ತೋರಿಸಿದರೆ "ನಾಳೆ ಗಂಡಿನ ಕಡೇರು ನೋಡಿದ್ರೆ ಏನಂತೀಯ?" ಅಂದಳು. ಅವಳ ಚಿಂತೆ ಅದು. ನನ್ನ ಚಿಂತೆ ಅದಲ್ಲ. ಅವಳು ಹೋದ ಹಾಗೆ ತಿರುಗಿ ಬರಬೇಕು. ಗೆಲ್ಲುವುದು ಸೋಲುವುದು ನಿಮಗೇ ಇರಲಿ. ಕಳಿಸಿದ ಮಗಳನ್ನು ಕಳಿಸಿದ ಹಾಗೆ ನನಗೆ ಕೊಡು. ಅಷ್ಟು ಮಾತ್ರ ನಿನ್ನ ಮೇಲಿದೆ.

ಇನ್ನು ಮುಂದೆ ಮುಚ್ಚಿಡಬೇಡ. ಗೊತ್ತಿಲ್ಲದೆ ಹೆದರುವುದಕ್ಕಿಂತ ಗೊತ್ತಿದ್ದು ಹೆದರುವುದು ನನಗೆ ಸಲೀಸು.

ಪುಷ್ಪಾ


ಕೊಯಮತ್ತೂರು
30 ಆಗಸ್ಟ್ 2024

ಅಕ್ಕ,

ತಪ್ಪಾಯಿತು. ನೀನು ಊಟ ಬಿಡುತ್ತೀಯ ಎಂದು ಬರೆಯಲಿಲ್ಲ. ಇನ್ನು ನಿನ್ನಿಂದ ಏನೂ ಮುಚ್ಚಿಡುವುದಿಲ್ಲ, ಮಾತು ಕೊಟ್ಟೆ.

ಎರಡನೇ ಸುತ್ತಿನಲ್ಲಿ ಮೂರನೆಯವಳು. ಕಪ್ಪು ಹಿಡಿದುಕೊಂಡು ನಿಂತು ಇಳಿದ ಮೇಲೆ ವಾಂತಿ ಮಾಡಿಕೊಂಡಳು. ಬಿಸಿಲಿಗೆ. ಇದನ್ನೂ ಬರೆದಿದ್ದೇನೆ ನೋಡು. ಮೊದಲ ಮೂವರಲ್ಲಿ ಉಳಿದರೆ ಮುಂದಿನ ವರ್ಷವೂ ಕಾರು ಕೊಡುತ್ತಾರೆ.

ಮೂರನೇ ಸುತ್ತು ಆಯುಧಪೂಜೆಯ ದಿನ ಶುರುವಾಗುತ್ತದೆ. ನೀನೂ ಬಾ. ಒಂದು ಸಲ ಕಣ್ಣಿಂದ ನೋಡಿದರೆ ಈ ಕನಸುಗಳು ನಿಲ್ಲಬಹುದು.

ಮಾರುತೇಶ್


ನ್ಯಾಮತಿ
23 ಸೆಪ್ಟೆಂಬರ್ 2024

ಮಾರುತೇಶನಿಗೆ,

ಬರುತ್ತೇನೆ. ಹೆಡ್ ಮಿಸ್ಸು ಪ್ರೇಮಲತಾ ಅವರಿಗೆ ಹೇಳಿ ರಜೆ ಹಾಕಿದ್ದೇನೆ. ನಿನ್ನ ಭಾವನಿಗೆ ಭತ್ತದ ಕೆಲಸ, ಬರುವುದಿಲ್ಲ.

ನಿನ್ನೆ ಜಗಳೂರಿಗೆ ಹೋಗಿ ನಮ್ಮ ಓಣಿಯ ಆಂಜನೇಯನ ಸಿಂಧೂರ ತಂದೆ. ಪೂಜಾರಿ ಯರ್ರಿಸ್ವಾಮಿ "ಯಾವ ಗಾಡಿಗಮ್ಮ, ಟ್ರ್ಯಾಕ್ಟರಿಗಾ?" ಅಂದ. ಓಟದ ಕಾರಿಗೆ ಅಂದೆ. "ಹಂಗಾದ್ರೆ ಇನ್ನೊಂದೀಟು ತಗಾ" ಎಂದು ಎಣ್ಣೆಯಲ್ಲಿ ಕಲಸಿ ಸಣ್ಣ ಡಬ್ಬಿ ತುಂಬಿಸಿಕೊಟ್ಟ.

ನಿನಗೆ ನೆನಪಿರಬೇಕು. ಮುರುಗೇಶಪ್ಪನವರು ರಿಪೇರಿ ಮುಗಿದ ಯಾವ ಗಾಡಿಯನ್ನೂ ಚಕ್ರದ ನಟ್ಟಿಗೆ ಸಿಂಧೂರ ಎಳೆಯದೆ ಗ್ಯಾರೇಜಿನಿಂದ ಹೊರಗೆ ಬಿಡುತ್ತಿರಲಿಲ್ಲ. ಬುತ್ತಿ ತಂದಾಗೆಲ್ಲ ನೋಡುತ್ತಿದ್ದೆ, ನೀನೇ ಬೆರಳಲ್ಲಿ ಅದ್ದಿ ಒಂದೊಂದಕ್ಕೂ ಎಳೆಯುತ್ತಿದ್ದೆ. ಲಾರಿಗೂ ಎಳೆದವನು ಸ್ವಂತ ಸೊಸೆಯ ಕಾರಿಗೆ ಎಳೆಯಬಾರದೇ. ನಾನೇ ಎಳೆಯುತ್ತೇನೆ ಬಿಡು.

ಒಬ್ಬಟ್ಟು ಎಷ್ಟು ತರಲಿ? ಪಾಲಣ್ಣನಿಗೆ ತೊಗರಿಬೇಳೆಯದು ಆಗುತ್ತದೋ ಕಡಲೆಬೇಳೆಯದು ಬೇಕೋ ಕೇಳಿ ಬರೆ.

ಪುಷ್ಪಾ


ಕೊಯಮತ್ತೂರು
1 ಅಕ್ಟೋಬರ್ 2024

ಅಕ್ಕ,

ಪಾಲಣ್ಣ ಯಾವ ಬೇಳೆಯದಾದರೂ ಹತ್ತು ತಿನ್ನುತ್ತಾನೆ.

ಆದರೆ ಪೂಜೆಯ ವಿಷಯ ಈಗಲೇ ಹೇಳುತ್ತೇನೆ, ಅಲ್ಲಿ ಬಂದು ಮುನಿಸಿಕೊಳ್ಳಬೇಡ. ಟೀಮಿನ ಮ್ಯಾನೇಜರು ಒಂದು ಹಾರ, ಒಂದು ಕಾಯಿ, ಮೂತಿಗೆ ಒಂದು ಬೊಟ್ಟು, ಇಷ್ಟಕ್ಕೆ ಒಪ್ಪಿದ್ದಾರೆ. ಅದೂ ಶೆಡ್ಡಿನ ಮುಂದೆ. ಚಕ್ರದ ಕೆಳಗೆ ನಿಂಬೆಹಣ್ಣು ಇಲ್ಲ. ಕಾರನ್ನು ನಾವಿಬ್ಬರು ಬಿಟ್ಟು ಯಾರೂ ಮುಟ್ಟುವಂತಿಲ್ಲ. ನೀನೂ ಮುಟ್ಟಬೇಡ. ಸಿಂಧೂರ ಅಕ್ಷಿತಾಳ ಹಣೆಗೆ ಇಡು, ಅಷ್ಟೇ ಸಾಕು.

ಸ್ಟೇಷನ್ನಿಗೆ ನಾನೇ ಬರುತ್ತೇನೆ.

ಮಾರುತೇಶ್


ನ್ಯಾಮತಿ
25 ನವೆಂಬರ್ 2024

ಮಾರುತೇಶನಿಗೆ,

ನೀನು ಜಗಳೂರಿನ ಅವ್ವನ ಮನೆ ಸೇರಿದ್ದೀಯ ಎಂದು ತಿಳಿಯಿತು. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನಕ್ಕೆ ಇಲ್ಲಿರಬಹುದು. ಬಂದಿಲ್ಲ. ಬರಬೇಡ. ಅಕ್ಷಿತಾ ನಿನ್ನ ಹೆಸರು ಎತ್ತಿದರೆ ಗೋಡೆ ಕಡೆ ತಿರುಗುತ್ತಾಳೆ.

ಆಸ್ಪತ್ರೆಯಲ್ಲಿ ಹನ್ನೆರಡು ದಿನ ಒಂದೇ ಬೆಂಚಿನ ಆ ತುದಿ ಈ ತುದಿ ಕೂತಿದ್ದೆವು. ಬಲಗಾಲನ್ನು ಮೊಣಕಾಲ ಕೆಳಗೆ ತೆಗೆಯಬೇಕು ಎಂದು ಡಾಕ್ಟರು ಹೇಳಿದಾಗ ನೀನು ನೆಲ ನೋಡುತ್ತಿದ್ದೆ. ಸಹಿ ಹಾಕಿದವಳು ನಾನು.

ಆಗ ಕೇಳಲಿಕ್ಕೆ ಬಾಯಿ ಬರಲಿಲ್ಲ. ಈಗ ಕೇಳುತ್ತೇನೆ. ಆಯುಧಪೂಜೆ ಮುಗಿಸಿ ಎರಡು ಗಂಟೆ ಆಗಿತ್ತೋ ಇಲ್ಲವೋ. ಅವಳು ಪ್ರಾಕ್ಟೀಸಿಗೆ ಹೋದಳು. ನಾನು ತಂತಿ ಬೇಲಿ ಹಿಡಿದುಕೊಂಡು ನಿಂತಿದ್ದೆ. ನಾಲ್ಕನೇ ಸಲ ಬರುವಾಗ ಹಿಂದಿನ ಚಕ್ರ ಒಂದು ತಾನಾಗೇ ಬಿಟ್ಟುಕೊಂಡು ಹುಲ್ಲಿನ ಮೇಲೆ ಓಡಿತು. ಕಾರು ಆಮೇಲೆ ಹೊಡೆಯಿತು. ಚಕ್ರ ಮೊದಲು ಹೋಯಿತು, ಇದು ನಾನು ಕಣ್ಣಾರೆ ನೋಡಿದ್ದು. ಹೊಡೆತಕ್ಕೆ ಕಳಚಿದ್ದಲ್ಲ.

ಗೆರೆ ಇದೆ ಅಂದರೆ ಹೊಟ್ಟೆ ತುಂಬ ಉಂಡು ಮಲಗು ಎಂದು ಬರೆದಿದ್ದೆ. ಆ ಕಾಗದ ಇನ್ನೂ ಅಕ್ಕಿ ಡಬ್ಬಿಯ ಕೆಳಗಿದೆ. ಎಲ್ಲಿತ್ತು ನಿನ್ನ ಗೆರೆ? ಬಿಗಿಯಲಿಲ್ಲವೋ, ಬಿಗಿದದ್ದನ್ನು ನೋಡಲಿಲ್ಲವೋ? ನನ್ನ ಓದು ಬಿಟ್ಟು ನಿನ್ನನ್ನು ಹೊತ್ತೆ. ಒಂದು ದಿನವೂ ಕೆಳಗೆ ಹಾಕಲಿಲ್ಲ.

ಉತ್ತರ ಬರೆ.

ಪುಷ್ಪಾ


ಜಗಳೂರು
9 ಡಿಸೆಂಬರ್ 2024

ಅಕ್ಕ,

ತಪ್ಪು ನನ್ನದು. ಆ ದಿನ ಬೆಳಿಗ್ಗೆ ಮಳೆ ಬಂದು ನಿಂತಿತ್ತು. ಮಳೆಯ ಚಕ್ರ ಬಿಚ್ಚಿ ಒಣ ನೆಲದ ಚಕ್ರ ಹಾಕುತ್ತಿದ್ದೆವು. ಮೂರು ಬಿಗಿದಾಗಿತ್ತು. ನಾಲ್ಕನೆಯದನ್ನು ಕೈಯಲ್ಲಿ ತಿರುಗಿಸಿ ಇಟ್ಟಿದ್ದೆ, ಪಾನ ಹಾಕಿರಲಿಲ್ಲ. ಪಾನ ಹಾಕುವ ಮೊದಲೇ ಗೆರೆ ಎಳೆದುಬಿಟ್ಟೆ. ಊಟದ ಅವಸರ. ವಿಚಾರಣೆಯಲ್ಲೂ ಇದನ್ನೇ ಹೇಳಿದೆ. ಐದು ವರ್ಷ ಯಾವ ಟ್ರ್ಯಾಕಿನೊಳಗೂ ಕಾಲಿಡುವಂತಿಲ್ಲ. ಇಲ್ಲಿ ಮೋಟಾರ್ ಪಂಪ್ ರಿಪೇರಿ ಮಾಡುತ್ತಿದ್ದೇನೆ.

ಅಕ್ಷಿತಾ ನನ್ನನ್ನು ದ್ವೇಷಿಸಿದರೆ ದ್ವೇಷಿಸಲಿ. ಬೇಡವೆನ್ನಬೇಡ. ಯಾರನ್ನಾದರೂ ಬೈಯಬೇಕು, ನನ್ನನ್ನೇ ಬೈಯಲಿ.

ಇನ್ನು ಇದರ ಬಗ್ಗೆ ಕೇಳಬೇಡ.

ಮಾರುತೇಶ್


ನ್ಯಾಮತಿ
20 ಜನವರಿ 2025

ಮಾರುತೇಶನಿಗೆ,

ಕೇಳಬೇಡ ಅಂದೆ. ಒಂದು ತಿಂಗಳು ಕೇಳಲಿಲ್ಲ. ನೀನು ಹೇಳಿದ ಹಾಗೆ ಬೈಯುತ್ತಲೇ ಇದ್ದೆವು. ಒಬ್ಬಟ್ಟಿನ ಆಸೆಗೆ ಮಗಳ ಕಾಲು ತೆಗೆದ ಎಂದು ಓಣಿಯವರ ಮುಂದೆಲ್ಲ ಹೇಳಿದ್ದೇನೆ.

ಮೊನ್ನೆ ಸಂಕ್ರಾಂತಿಯ ಮರುದಿನ ಪಾಲಣ್ಣ ಬಂದಿದ್ದ. ಅವಳ ಬಟ್ಟೆಯ ಚೀಲ, ಎರಡನೇ ಸುತ್ತಿನ ಕಪ್ಪು ತಂದುಕೊಟ್ಟ. ಅಕ್ಷಿತಾ ಕಪ್ಪನ್ನು ಮುಟ್ಟಲಿಲ್ಲ. ಕಾಲು ಮುಚ್ಚಿದ್ದ ರಗ್ಗನ್ನು ಎಳೆದುಕೊಂಡು ಮೆಲ್ಲಗೆ "ಟೀ ಕೊಡವ್ವ ಪಾಲಣ್ಣಗೆ" ಅಂದಳು.

ಅವನನ್ನು ಬಸ್ ಸ್ಟ್ಯಾಂಡಿನವರೆಗೆ ಬಿಡಲು ಹೋದೆ. ದಾರಿಯಲ್ಲಿ ನಿನ್ನನ್ನು ಬೈದೆ. ಅವನು ನಿಂತುಬಿಟ್ಟ.

"ಅಕ್ಕಾರೆ, ಒಂದು ಮಾತು ಹೇಳ್ತೀನಿ ರೀ. ಊಟದ ಅವಸರ ಅನ್ನೋದು ಸುಳ್ಳು. ಮಂಗಳಾರತಿಗೆ ಕರೆದ್ರು ಅಂತ ಅವ ಪಾನ ಕೆಳಗಿಟ್ಟು ಬಂದ. ಗೆರೆ ಎಳೆದಿರಲಿಲ್ಲ. ನಾ ವಾಪಸ್ ಹೋಗಿ ನೋಡಿದ್ರೆ ಗೆರೆ ಐತೆ. ಮಾರುತೇಶ ಮುಗಿಸ್ಯಾನೆ ಅಂತ ನಾ ಸೈ ಹಾಕಿದೆ. ಅವನೂ ಬಂದು ನೋಡಿ, ಪಾಲಣ್ಣ ಮುಗಿಸ್ಯಾನೆ ಅಂತ ಸುಮ್ನಾದ. ಇಬ್ರೂ ಗೆರೆ ನೋಡಿದ್ವಿ, ಒಬ್ರೂ ಪಾನ ಹಾಕಲಿಲ್ಲ."

"ಮತ್ತೆ ಗೆರೆ ಎಳೆದೋರು ಯಾರು?"

"ಅದೇ ನಂಗೂ ತಿಳಿವಲ್ದು. ಹುಲ್ಲಿನಾಗೆ ಬಿದ್ದ ಚಕ್ರ ತಂದಾಗ ಅದರ ಮ್ಯಾಲೆ ಉಳಿದಿದ್ದ ಗೆರೆ ಮುಟ್ಟಿ ನೋಡ್ದೆ. ನಮ್ಮ ಪೇಂಟು ಐದು ನಿಮಿಷಕ್ಕೆ ಒಣಗ್ತೈತೆ. ಇದು ಬೆರಳಿಗೆ ಬಂತು, ಜಿಡ್ಡು ಜಿಡ್ಡು. ಮಾರುತೇಶ ಬಟ್ಟೆ ತಗಂಡು ಒರೆಸಿಬಿಟ್ಟ. ಯಾಕಲೇ ಅಂದ್ರೆ, 'ನೀ ಏನೂ ನೋಡಿಲ್ಲ' ಅಂದ."

ಬಸ್ಸು ಬಂತು, ಅವನು ಹೋದ.

ನೀನು ಅದನ್ನು ಯಾಕೆ ಒರೆಸಿದೆ? ಒಂದೇ ಮಾತು ಬರೆ.

ಪುಷ್ಪಾ


ಜಗಳೂರು
31 ಜನವರಿ 2025

ಅಕ್ಕ,

ಪಾಲಣ್ಣನ ಬಾಯಿಗೆ ಬೀಗವಿಲ್ಲ. ಅವನಿಗೆ ಕಂಡದ್ದು ಗ್ರೀಸು. ಗೆರೆ ಎಳೆದವನು ನಾನೇ.

ನೀನು ಸುಮ್ಮನೆ ಏನೇನೋ ಕಲ್ಪಿಸಿಕೊಂಡು ಕೊರಗಬೇಡ. ನಿನ್ನ ಸಿಂಧೂರಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಅಕ್ಷಿತಾಳ ಹತ್ತಿರ ಇಂಥ ಮಾತು ಎತ್ತಬೇಡ. ಅವಳಿಗೆ ಈಗ ನೀನೊಬ್ಬಳೇ ದಿಕ್ಕು. ಅವಳು ಯಾರ ಕೈಯಿಂದ ಅನ್ನ ತಿನ್ನಬೇಕು?

ಈ ಕಾಗದ ಹರಿದುಹಾಕು.

ಮಾರುತೇಶ್


ನ್ಯಾಮತಿ
24 ಫೆಬ್ರವರಿ 2025

ಮಾರೂ,

ನಿನ್ನ ಕಾಗದ ಹರಿಯಲಿಲ್ಲ. ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಹೋದ ಸಲ ನಾನು ಸಿಂಧೂರದ ಮಾತೇ ಬರೆದಿರಲಿಲ್ಲ. ಪಾಲಣ್ಣನೂ ಆಡಿರಲಿಲ್ಲ. ನೀನಾಗಿಯೇ ಬರೆದೆ. ನಾನು ಹಚ್ಚಿದ್ದನ್ನು ಯಾರೂ ನೋಡಲಿಲ್ಲ ಎಂದುಕೊಂಡಿದ್ದೆ. ಆ ದಿನವೇ ನಿನಗೆ ಗೊತ್ತಾಗಿದೆ. ಮುರುಗೇಶಪ್ಪನವರ ಗ್ಯಾರೇಜಿನಲ್ಲಿ ಅಷ್ಟು ವರ್ಷ ಅದ್ದಿದ ಬೆರಳು, ಮುಟ್ಟಿದ ತಕ್ಷಣ ತಿಳಿದಿರುತ್ತದೆ.

ಈಗ ನನ್ನ ಬಾಯಿಂದ ಕೇಳು. ಮುಟ್ಟಬೇಡ ಎಂದು ನೀನು ಬರೆದಿದ್ದೆ. ಹಣೆಗೆ ಮಾತ್ರ ಇಟ್ಟೆ. ಶೆಡ್ಡಿನ ಮುಂದೆ ಎಲ್ಲರೂ ಆರತಿ ತೆಗೆದುಕೊಂಡು ಪ್ರಸಾದಕ್ಕೆ ಕೈ ಒಡ್ಡಿದ್ದಾಗ ನನ್ನ ಮನಸ್ಸು ತಡೆಯಲಿಲ್ಲ. ಚಕ್ರಕ್ಕೆ ಹಚ್ಚದೆ ಬಿಟ್ಟು ಏನಾದರೂ ಆದರೆ ಜನ್ಮವಿಡೀ ಕೊರಗಬೇಕಲ್ಲ ಎಂದು ಒಳಗೆ ಹೋದೆ. ನಾಲ್ಕು ಚಕ್ರ, ಹದಿನಾರು ನಟ್ಟು. ಒಂದೊಂದಕ್ಕೂ ಉಂಗುರದ ಬೆರಳಿನಿಂದ ಎಳೆದೆ. ಮೂರು ಚಕ್ರದ ಮೇಲೆ ಆಗಲೇ ಅದೇ ಬಣ್ಣದ ಗೆರೆ ಇತ್ತು. ಅದರ ಮೇಲೇ ಎಳೆದೆ. ಒಂದರ ಮೇಲೆ ಇರಲಿಲ್ಲ. ಪಾಪ, ಇದಕ್ಕೆ ಮರೆತಿದ್ದಾರೆ ಎಂದು ನಾನೇ ತುಂಬಿದೆ. ನೋಡು, ನೀನು ಬರೆದ ಕ್ರಮ ಅಷ್ಟೂ ನನಗೆ ಬಾಯಿಪಾಠವಿತ್ತು. ಆದರೂ ಹೊಳೆಯಲಿಲ್ಲ.

ನೀನು ಬೇಡ ಅಂದದ್ದನ್ನು ಇನ್ನೊಮ್ಮೆ ಮಾಡಿದೆ. ಅಕ್ಷಿತಾಳಿಗೆ ಹೇಳಿದೆ. ಹಿತ್ತಲಲ್ಲಿ ಊರುಗೋಲು ಹಿಡಿದು ನಡೆಯುವುದು ಕಲಿಯುತ್ತಿದ್ದಳು. ಪೂರ್ತಿ ಕೇಳಿದಳು.

"ಮಾಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾವಾಗ್ಲಿಂದ?"

"ಅವತ್ತಿಂದ್ಲೇ."

ಮೂರು ದಿನ ನನ್ನ ಕೈಯ ಅನ್ನ ತಿನ್ನಲಿಲ್ಲ, ಅವರಪ್ಪ ಬಡಿಸಿದರೆ ತಿಂದಳು. ನೀನು ಹೆದರಿದ್ದು ಸರಿಯಾಗಿತ್ತು. ನಿನ್ನ ಭಾವ ಟ್ರ್ಯಾಕ್ಟರಿನ ನಟ್ಟಿಗೆ ಹಚ್ಚಿದ್ದ ಸಿಂಧೂರವನ್ನು ಸೀಮೆಎಣ್ಣೆ ಹಾಕಿ ತೊಳೆಯುತ್ತಿದ್ದರು. ನಾನು ನೋಡಿದ್ದು ಅವರಿಗೆ ತಿಳಿಯಲಿಲ್ಲ.

ನಾನು ಪಂದ್ಯಾವಳಿಯವರಿಗೆ ಅರ್ಜಿ ಬರೆಯುತ್ತಿದ್ದೆ, ತಪ್ಪು ನನ್ನದು, ನನ್ನ ತಮ್ಮನ ಮೇಲಿನ ಐದು ವರ್ಷ ತೆಗೆಯಿರಿ ಎಂದು. ನಾಲ್ಕನೇ ದಿನ ಅವಳು ಬಂದು ಎದುರಿಗೆ ಕೂತಳು. "ನಿನ್ನ ಅಕ್ಷರ ಯಾರೂ ಓದಾಕಾಗಲ್ಲ, ತಾ ಇಲ್ಲಿ" ಎಂದು ಪೆನ್ನು ಕಿತ್ತುಕೊಂಡಳು. ನಾನು ಹೇಳುತ್ತಾ ಹೋದೆ, ಅವಳು ಬರೆದಳು. ನನ್ನ ಮಗಳ ಕಾಲು ಹೋದದ್ದು ನನ್ನ ಕೈಯಿಂದ ಎಂಬ ಸಾಲು ಬಂದಾಗ ಪೆನ್ನು ನಿಂತಿತು. ಬೇರೆ ಏನಾದರೂ ಬರೆಯುತ್ತಾಳೇನೋ ಎಂದುಕೊಂಡೆ. ಇಲ್ಲ. ನಾನು ಹೇಳಿದ ಹಾಗೇ ಬರೆದಳು. ಬರೆದು, "ಮಾಮಗೂ ಒಂದು ಕಾಪಿ ಕಳ್ಸು" ಅಂದಳು. ನನ್ನ ಮುಖ ನೋಡಿ ಮಾತಾಡಿದ್ದು ಅದೊಂದೇ.

ಕಾಪಿ ಇದರೊಳಗೆ ಇಟ್ಟಿದ್ದೇನೆ. ತಡೆಯಬೇಡ, ಬೇರೆ ಕತೆ ಕಟ್ಟಬೇಡ. ವಿಚಾರಣೆಗೆ ಕರೆದರೆ ನಾನೇ ಹೋಗುತ್ತೇನೆ. ಪಾಲಣ್ಣನಿಗೂ ಬರೆದಿದ್ದೇನೆ, ಜಿಡ್ಡು ನೋಡಿದ್ದನ್ನು ಹೇಳುತ್ತೇನೆ ಅಂದಿದ್ದಾನೆ.

ಒಂದೇ ಒಂದು ಅನುಮಾನ ಉಳಿದಿದೆ, ಅದಕ್ಕೇ ಅರ್ಜಿಯನ್ನು ಅಂಚೆಗೆ ಹಾಕಿಲ್ಲ. ಕಳಚಿದ್ದು ಎಡಗಡೆಯ ಹಿಂದಿನ ಚಕ್ರ ಎಂದು ಅರ್ಜಿಯಲ್ಲಿ ಬರೆಸಿದ್ದೇನೆ. ಆದರೆ ಕಾರು ನನ್ನ ಎದುರಿಗೆ ಬರುತ್ತಿತ್ತು. ನಾನು ನೋಡಿದ್ದು ನನ್ನ ಎಡ. ಕೂತವರಿಗೆ ಅದು ಬಲವಾಗುತ್ತದೆಯಲ್ಲವೇ? ಅವಳನ್ನು ಕೇಳಿ ಆ ಗಳಿಗೆ ನೆನಪಿಸಲಿಕ್ಕೆ ನನಗೆ ಬಾಯಿಲ್ಲ. ಅದೊಂದು ತಪ್ಪಿದರೆ ತಮ್ಮನನ್ನು ಉಳಿಸಿಕೊಳ್ಳಲು ಹೆಚ್ಚು ಓದದ ಹೆಂಗಸು ಹೇಳುವ ಸುಳ್ಳು ಎಂದು ಅರ್ಜಿಯನ್ನು ಪಕ್ಕಕ್ಕೆ ಇಟ್ಟುಬಿಡುತ್ತಾರೆ. ಎಡವೋ ಬಲವೋ, ಅದೊಂದನ್ನು ಇನ್ನೊಮ್ಮೆ ಸರಿಯಾಗಿ ನೋಡಿ ಬರೆ.

ಪುಷ್ಪಾ